ಏಜೆಂಟ್ ರುದ್ರಸೇನನ ಹನ್ನೊಂದನೇ ದಿನ

ಪಾಂಡವಪುರದ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಮನುಷ್ಯರ ಬಗ್ಗೆ ಹೆಚ್ಚಿನ ಭ್ರಮೆಗಳಿಲ್ಲ. ಹುಟ್ಟುಹಬ್ಬಕ್ಕೂ ಸಾವಿಗೂ ನನ್ನ ಹತ್ತಿರ ಇರುವುದು ಒಂದೇ ಮೆಷಿನ್ನು. ಬೆಳಿಗ್ಗೆ 'ಯುವ ನಾಯಕನಿಗೆ ಹಾರ್ದಿಕ ಶುಭಾಶಯಗಳು' ಹೊರಗೆ ಬಂದ ಬಾಯಿಂದಲೇ ಮಧ್ಯಾಹ್ನ 'ಭಾವಪೂರ್ಣ ಶ್ರದ್ಧಾಂಜಲಿ' ಬರುತ್ತದೆ. ಫೋಟೊ ತಂದವರು ಅಳುತ್ತಿದ್ದರೂ ನಗುತ್ತಿದ್ದರೂ ಕೊನೆಗೆ ಹೇಳುವುದು ಒಂದೇ ಮಾತು: "ರಂಗಸ್ವಾಮಣ್ಣ, ಮಖ ಒಸಿ ಬೆಳ್ಳಗೆ ಮಾಡು."

ಆದರೆ ಒಬ್ಬನೇ ಮನುಷ್ಯ ಸತ್ತ ಎಂದು ಒಂದು ಫ್ಲೆಕ್ಸು, ಸತ್ತಿಲ್ಲ ಎಂದು ಇನ್ನೊಂದು ಫ್ಲೆಕ್ಸು, ಎರಡನ್ನೂ ಒಂದೇ ದಿನ ಅಚ್ಚು ಹಾಕಿದ್ದು ಈ ವರ್ಷವೇ ಮೊದಲು. ಆ ಮನುಷ್ಯ ಹುಟ್ಟಿಯೇ ಇರಲಿಲ್ಲ ಎಂಬುದು ಬೇರೆ ಮಾತು.

ಏಜೆಂಟ್ ರುದ್ರಸೇನ ಸಿನಿಮಾದವನು. ದೇಶದ ಗೂಢಚಾರ. ಆರು ಸಿನಿಮಾಗಳಲ್ಲಿ ರೈಲಿನ ಮೇಲೆ ಓಡಿ, ವಿಮಾನದಿಂದ ಜಿಗಿದು, ಬಿದ್ದ ಮೇಲೂ ಕೂದಲು ಕೆದರದೆ ಎದ್ದು ನಿಂತವನು. ಏಳನೆಯದೇ ಕೊನೆಯದು ಎಂದು ಮೊದಲೇ ಸಾರಿದ್ದರು. ಆ ಕೊನೆಯದರಲ್ಲಿ ಅವನು ಬಾಂಬನ್ನು ಎದೆಗವಚಿಕೊಂಡು ಹಿಮದ ಸಮುದ್ರಕ್ಕೆ ಹಾರುತ್ತಾನೆ. ಢಂ ಎನ್ನುತ್ತದೆ. ಆಮೇಲೆ ಹೆಣವಿಲ್ಲ, ರಕ್ತವಿಲ್ಲ. ಮಂಜುಗಡ್ಡೆಯ ಮೇಲೆ ಅವನ ಕೈಗಡಿಯಾರ ಬಿದ್ದಿರುತ್ತದೆ, ಅದರ ಸೆಕೆಂಡಿನ ಮುಳ್ಳು ತಿರುಗುತ್ತಿರುತ್ತದೆ. ಅಷ್ಟಕ್ಕೆ ಮುಗಿಯಿತು.

ಆ ಮುಳ್ಳು ನಮ್ಮ ಜಿಲ್ಲೆಯನ್ನು ಎರಡು ಭಾಗ ಮಾಡಿತು. ಶ್ರೀರಂಗಪಟ್ಟಣ, ಪಾಂಡವಪುರದ ಹುಡುಗರು ಸತ್ತ ಎಂದರು, ಥಿಯೇಟರಿನಲ್ಲೇ ಗೋಳೋ ಎಂದು ಅತ್ತರು. ಕೆ.ಆರ್. ಪೇಟೆಯವರು ವಾಚು ಓಡುತ್ತಿದೆ, ಆದ್ದರಿಂದ ಸತ್ತಿಲ್ಲ ಎಂದರು. ನಾಗಮಂಗಲದವರದು ಮೂರನೆಯ ದಾರಿ. ಮೊದಲರ್ಧ ಎಳೆದಿದ್ದಾರೆ, ಹೀರೋಯಿನ್ನು ಫೋನು ಕೊಟ್ಟು ಹೋಗುವುದಕ್ಕೆ ಮಾತ್ರ ಬರುತ್ತಾಳೆ, ಹೀರೋಗೆ ವಯಸ್ಸಾಗಿ ಅವನ ಬದಲು ಕ್ಯಾಮೆರಾ ಓಡುತ್ತಿದೆ, ಸತ್ತರೆಷ್ಟು ಬಿಟ್ಟರೆಷ್ಟು ಎಂದರು. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಹೀಗೆಂದ ನಾಗಮಂಗಲದ ಒಬ್ಬನ ತಲೆಯ ಮೇಲೆ ಎರಡು ಪಕ್ಷದವರೂ ಸೇರಿ ಸಾಂಬಾರು ಸುರಿದರಂತೆ. ಈ ಸಿನಿಮಾ ಬಂದ ಮೇಲೆ ಅವರು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.

ನನಗೇಕೆ ಈ ಉಸಾಬರಿ ಎಂದರೆ, ಸತ್ತ ಎನ್ನುವವರ ಸಂಘದ ಅಧ್ಯಕ್ಷ ನನ್ನ ಅಕ್ಕನ ಮಗ ಸಿದ್ದೇಶ. ಕಿರಂಗೂರಿನವನು. ನೀರಾವರಿ ಜಮೀನಿದೆ, ಕಬ್ಬಿದೆ, ನಾಲ್ಕು ಸೀಮೆಹಸುಗಳಿವೆ, ಕೆಟ್ಟ ಚಟ ಒಂದೂ ಇಲ್ಲ. ಇಲ್ಲದಿರುವುದು ಹೆಂಡತಿ. ನಮ್ಮ ಕಡೆ ಬೇಸಾಯಗಾರನಿಗೆ ಹೆಣ್ಣು ಸಿಗುವುದಕ್ಕಿಂತ ಎಂಎಲ್ಎ ಟಿಕೆಟ್ಟು ಸಿಗುವುದು ಸುಲಭ. ಹುಡುಗಿಯ ಕಡೆಯವರು ಹಸುಗಳನ್ನು ನೋಡಿ ಮೆಚ್ಚುತ್ತಿದ್ದರು, ಆಮೇಲೆ ಸಗಣಿ ಬಾಚುವವರು ಯಾರು ಎಂದು ಕೇಳುತ್ತಿದ್ದರು, ಆಮೇಲೆ ಫೋನು ಎತ್ತುತ್ತಿರಲಿಲ್ಲ. ಮೂವತ್ತನಾಲ್ಕು ತುಂಬಿದ ಮೇಲೆ ನನ್ನ ಅಕ್ಕ ದೇವರಿಗೆ ಹರಕೆ ಹೊರುವುದನ್ನೂ ಬಿಟ್ಟಿದ್ದಳು.

ಅಂಥ ಹೊತ್ತಿನಲ್ಲಿ ಅಕ್ಕಿಹೆಬ್ಬಾಳಿನ ಚೈತ್ರ ಒಪ್ಪಿದಳು. ಕೆ.ಆರ್. ಪೇಟೆಯ ಸ್ಕೂಲೊಂದರಲ್ಲಿ ಟೀಚರು, ಬಾಯಿ ಜೋರು, ಕಣ್ಣು ಚುರುಕು. ಉಳಿದಿದ್ದದ್ದು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿಕೊಂಡು ಹೋಗುವ ಶಾಸ್ತ್ರ. ಅದೊಂದು ಮುಗಿದರೆ ಎಲೆಅಡಿಕೆ ಬದಲಾಯಿಸುವುದು. ಅವಳ ಅಣ್ಣ ದಿಲೀಪ ಕೆ.ಆರ್. ಪೇಟೆ ಸಂಘದ, ಅಂದರೆ ಸತ್ತಿಲ್ಲ ಎನ್ನುವವರ ಅಧ್ಯಕ್ಷ. ಅದು ನಮಗೆ ಗೊತ್ತಿದ್ದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಿನಿಮಾ ಬೇರೆ, ಸಂಬಂಧ ಬೇರೆ ಎಂದುಕೊಂಡಿದ್ದೆವು.

ಸಿನಿಮಾ ಬಿಡುಗಡೆಯಾದ ಮೂರನೆಯ ದಿನ ಸಿದ್ದೇಶ ಮತ್ತು ಅವನ ಸಂಘದವರು ಮೊದಲ ಆಟದ ಟಿಕೆಟ್ಟುಗಳನ್ನು ಸುಟ್ಟು, ಬೂದಿಯನ್ನು ಕುಡಿಕೆಗೆ ತುಂಬಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟರು. ಬೂದಿ ಬಿಟ್ಟವರೆಲ್ಲ ಮನೆಗೆ ಹೋದರು. ಇವನೊಬ್ಬ ಮಾತ್ರ ಅಲ್ಲೇ ಕುಳಿತು ತಲೆ ಬೋಳಿಸಿಕೊಂಡು, ನದಿಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ನನ್ನ ಅಂಗಡಿಗೆ ಬಂದ.

"ಏನ್ಲಾ ಇದು? ಬುಧವಾರ ಎಣ್ಣಿನ್ ಕಡೆಯೋರು ಬತ್ತಾವ್ರೆ!" ಎಂದೆ.

"ಕೂದ್ಲು ಬೆಳ್ಕತದೆ ಬುಡು ಮಾವ. ಯಾರಾದ್ರೂ ಒಬ್ರು ಮಾಡ್ಬೇಕಲ್ವಾ? ಅವ್ನಿಗೆ ಎಂಡ್ರಿಲ್ಲ, ಮಕ್ಕಳಿಲ್ಲ."

"ಅವ್ನಿಗೆ ಅಪ್ಪ ಅಮ್ಮನೂ ಇಲ್ಲ ಕಣ್ಲಾ. ಅವ್ನನ್ನ ಬರ್ದಿರೋದು!"

ಅವನು ಬೋಳು ತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು ಹನ್ನೆರಡಡಿ ಫ್ಲೆಕ್ಸಿಗೆ ಆರ್ಡರು ಕೊಟ್ಟ. ಬುದ್ಧಿ ಹೇಳಬೇಕಾಗಿದ್ದ ನಾನು ಮೆಷಿನ್ ಹಾಕಿದೆ. ಅಂಗಡಿಯವನ ಬುದ್ಧಿ ಅಂಗಡಿಯಲ್ಲೇ ಇರುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಸಿದ್ದೇಶನ ಅಪ್ಪ, ನನ್ನ ಭಾವ ಚಲುವಯ್ಯ, ಕೊರೊನಾದ ಎರಡನೆಯ ಸುತ್ತಿನಲ್ಲಿ ಹೋದ. ಮಗನಿಗೂ ಅಂಟಿತ್ತು. ಅವನನ್ನು ಹಾಸ್ಟೆಲ್ಲೊಂದರಲ್ಲಿ ಕೂಡಿಹಾಕಿದ್ದರು. ಭಾವನ ದೇಹವನ್ನು ಯಾರೋ ನೀಲಿ ಗೌನಿನವರು ಸುಟ್ಟರು. ಅಕ್ಕ ಅದನ್ನು ಫೋನಿನಲ್ಲಿ ನೋಡಿದಳು. ಮೂರನೆಯ ದಿನವಿಲ್ಲ, ಹನ್ನೊಂದನೆಯ ದಿನವಿಲ್ಲ, ಕ್ಷೌರದವನಿಲ್ಲ, ಅಡುಗೆಯವನಿಲ್ಲ. ಊರವರೆಲ್ಲರ ಸಾವನ್ನು ಅಚ್ಚು ಹಾಕಿದ ನನ್ನ ಅಂಗಡಿಗೂ ಆಗ ಬೀಗ ಬಿದ್ದಿತ್ತು. ಆಮೇಲೆ ಮಾಡಿದರಾಯಿತು ಎಂದುಕೊಂಡೆವು. ಆಮೇಲೆ ಕಬ್ಬು ಕಡಿಯಲು ಬಂತು, ಹಸು ಕರು ಹಾಕಿತು, ಯಾರೂ ಮಾಡಲಿಲ್ಲ. ಆ ವಿಷಯ ಸಿದ್ದೇಶನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಬುಧವಾರ ಅಕ್ಕಿಹೆಬ್ಬಾಳಿನಿಂದ ಒಂದು ಟೆಂಪೊ ತುಂಬ ಜನ ಬಂದರು. ಮುಂದಿನ ಸೀಟಿನಲ್ಲಿ ಚೈತ್ರಳ ಅಜ್ಜಿ ಕುಳ್ಳಮ್ಮ. ಆ ಮನೆಯಲ್ಲಿ ಅಜ್ಜಿ ಹೂಂ ಎನ್ನದೆ ಹಸು ಕೂಡ ಹಾಲು ಕೊಡುವುದಿಲ್ಲವಂತೆ. ಟೆಂಪೊ ಊರ ಬಾಗಿಲಿಗೆ ಬಂದು ಗಕ್ಕನೆ ನಿಂತಿತು. ಅಲ್ಲಿ ನಾನೇ ಅಚ್ಚು ಹಾಕಿದ ಹನ್ನೆರಡಡಿ ಫ್ಲೆಕ್ಸು. ಕಪ್ಪು ಕೋಟಿನ ರುದ್ರಸೇನ, ಕೊರಳಿಗೆ ಹಾರ, ಕೆಳಗೆ 'ಮತ್ತೆ ಹುಟ್ಟಿ ಬಾ', ಅದರ ಕೆಳಗೆ ಬೋಳು ತಲೆಯ ಸಿದ್ದೇಶ ಕೈ ಮುಗಿದುಕೊಂಡು 'ದುಃಖತಪ್ತ' ಎಂದು ನಿಂತಿದ್ದಾನೆ. ನಾನು ಮುಖವನ್ನು ಬೆಳ್ಳಗೂ ಮಾಡಿದ್ದೆ.

ಕುಳ್ಳಮ್ಮ ಸೀಟಿನಿಂದ ಇಳಿಯಲಿಲ್ಲ. ನಾವೇ ಓಡಿಹೋದೆವು.

"ಸಾವಾಗಿರೋ ಮನೆಗೆ ಒಂದ್ ಮಾತೂ ಯೋಳ್ದಂಗೆ ಕರಿಸ್ಕೊಂಡಿದ್ದೀರಲ್ಲ, ನಿಮ್ಗೆ ಒಂಚೂರಾದ್ರೂ ಗ್ಯಾನ ಬ್ಯಾಡ್ವಾ?" ಎಂದಳು. ಆಮೇಲೆ ಫ್ಲೆಕ್ಸಿನ ಕಡೆ ನೋಡಿ ದನಿ ತಗ್ಗಿಸಿದಳು. "ಪಾಪ, ಒಳ್ಳೆ ರಾಜ್ನಂಗವ್ನೆ. ನಿಮ್ಗೆ ಏನಾಗ್ಬೇಕಿತ್ತು?"

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು, ನಾಚಿಕೆಗೆ. ಕುಳ್ಳಮ್ಮ ಅದನ್ನು ದುಃಖ ಎಂದುಕೊಂಡು ತಾನೂ ಕಣ್ಣೊರೆಸಿಕೊಂಡಳು.

ಹಿಂದಿನ ಸೀಟಿನಿಂದ ದಿಲೀಪ ಧುಮುಕಿದ. "ಅಜ್ಜಿ, ಅವ್ನು ಸತ್ತಿಲ್ಲ ಕಣಜ್ಜಿ! ವಾಚು ಓಡ್ತಾ ಐತೆ!"

"ಸತ್ತಿಲ್ವಾ?" ಕುಳ್ಳಮ್ಮನ ಮುಖ ಬದಲಾಯಿತು. "ಬದ್ಕಿರೋನ್ ಎಸ್ರಲ್ಲಿ ತಲೆ ಬೋಳುಸ್ಕೊಂಡವ್ನಾ? ಅದು ಮಾಟ ಕಣ್ಲಾ! ಇಂಥ ಮನೆಗೆ ನಮ್ ಎಣ್ಣು ಕೊಡಾದಾ? ಗಾಡಿ ತಿರುಗ್ಸು."

ಸತ್ತ ಎಂದರೆ ಸೂತಕ, ಸತ್ತಿಲ್ಲ ಎಂದರೆ ಮಾಟ. ಹುಡುಗನಿಗೆ ಎರಡು ಕಡೆಯಿಂದಲೂ ಮದುವೆ ಇಲ್ಲ. ನಾನು ಟೆಂಪೊದ ಬಾಗಿಲು ಹಿಡಿದುಕೊಂಡು, ಇದು ಸಿನಿಮಾದ ವಿಷಯ, ಆ ಮನುಷ್ಯ ನಿಜವಾದವನಲ್ಲ, ಹುಡುಗರ ಹುಚ್ಚಾಟ ಎಂದು ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಸಿನಿಮಾನೋ ಗಿನಿಮಾನೋ, ಕೂದ್ಲು ಓಗಿರೋದು ನಿಜ್ವಾದ್ದಲ್ವಾ?"

ನಾನು ಟೆಂಪೊದ ಬಾಗಿಲು ಬಿಟ್ಟೆ.

ಆಗ, ತಾನೂ ಮನೆ ನೋಡಬೇಕೆಂದು ಜೊತೆಗೆ ಬಂದಿದ್ದ ಚೈತ್ರ ಕಿಟಕಿಯಿಂದ ತಲೆ ಹೊರಹಾಕಿ ಸಿದ್ದೇಶನನ್ನೇ ಕೇಳಿದಳು. "ನೀವ್ ಯೋಳಿ. ಸತ್ತವ್ನಾ, ಇಲ್ವಾ?"

ಇಡೀ ರಸ್ತೆ ಅವನ ಬಾಯಿ ನೋಡಿತು. ಸತ್ತಿಲ್ಲ, ತಮಾಷೆಗೆ ಬೋಳಿಸಿಕೊಂಡೆ ಎಂದಿದ್ದರೆ ಅಜ್ಜಿಯನ್ನು ಹೇಗೋ ಒಪ್ಪಿಸಬಹುದಿತ್ತು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಆ ಪುಣ್ಯಾತ್ಮ ನೆಲ ನೋಡುತ್ತಾ, "ಸತ್ತವ್ನೆ. ನಾವ್ ಒಪ್ಕೊಳ್ದೆ ಇದ್ರೂ ಸತ್ತೋರು ಸತ್ತೋರೇ" ಎಂದ. ನನಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು.

ಕುಳ್ಳಮ್ಮ ತೀರ್ಪು ಕೊಟ್ಟಳು. "ಅಂಗಾರೆ ಸರಿಯಾಗಿ ಮಾಡು. ತಲೆ ಕೊಟ್ ಮ್ಯಾಲೆ ಅರ್ಧಕ್ಕೆ ಬುಡಾಂಗಿಲ್ಲ. ಅನ್ನೊಂದ್ನೇ ದಿನ ಎಡೆ ಇಕ್ಕು. ಕಾಗೆ ಮುಟ್ಟುದ್ರೆ ಸತ್ತೋನ್ಗೆ ತೃಪ್ತಿ, ಸೂತಕ ಕಳೀತು, ಅವತ್ತೇ ಎಲೆಅಡಿಕೆ ಬದ್ಲಾಯಿಸ್ಕೊಳವ. ಮುಟ್ಲಿಲ್ಲ ಅಂದ್ರೆ ನಮ್ ದಾರಿ ನಮ್ಗೆ."

ದಿಲೀಪ ಕುಣಿದಾಡಿದ. "ಬದ್ಕಿರೋನ್ ಎಡೆನ ಕಾಗೆ ಮುಟ್ಟಲ್ಲ! ಕಾಗೆನೇ ಯೋಳ್ಬುಡ್ಲಿ!" ತಂಗಿಯ ಮದುವೆ ಮುರಿದರೂ ಸರಿ, ವಾಚು ಗೆಲ್ಲಬೇಕು.

ಹೀಗೆ ಮೂರು ತಾಲ್ಲೂಕಿನ ಅಭಿಮಾನಿಗಳು ತಮ್ಮ ಜಗಳವನ್ನು ಕಾಗೆಯ ಕೋರ್ಟಿಗೆ ಒಪ್ಪಿಸಿದರು. ಸುದ್ದಿ ಫೋನಿನಲ್ಲಿ ಹರಡಿತು. ಒಬ್ಬನಿಗೂ ಇದು ಹುಚ್ಚು ಎನಿಸಲಿಲ್ಲ. ಬದಲಿಗೆ, ಊಟಕ್ಕೆ ಬಾಡು ಇದೆಯೋ ಬರೀ ಪಾಯಸವೋ ಎಂದು ವಿಚಾರಿಸಿದರು.

ಹನ್ನೊಂದನೆಯ ದಿನವಾದ ಸೋಮವಾರ ಎರಡು ಪಕ್ಷದವರೂ ಬಂದರು. ನಾಗಮಂಗಲದವರು ಹೆಚ್ಚು ಜನ ಬಂದರು, ಅವರಿಗೆ ಅಭಿಪ್ರಾಯ ಇಲ್ಲದಿದ್ದರೂ ಹಸಿವು ಇತ್ತು. ಎಡೆ ಇಡುವುದು ಎಲ್ಲಿ ಎಂಬ ಪ್ರಶ್ನೆ ಬಂದಾಗ ಅಕ್ಕ, "ಇನ್ನೆಲ್ಲಿ, ನಮ್ ಗುಡ್ಡೆ ತಾವ" ಎಂದಳು. ಗದ್ದೆಯ ಮೂಲೆಯಲ್ಲಿ ತೆಂಗಿನ ಮರದ ಬುಡದಲ್ಲಿ ಅವರ ಮನೆಯ ಹಿರಿಯರ ಸಮಾಧಿಗಳಿವೆ. ಅದರ ಪಕ್ಕ ಭಾವನಿಗೆಂದು ಉಳಿದ ಜಾಗ ಖಾಲಿ ಇದೆ, ಹುಲ್ಲು ಬೆಳೆದಿದೆ.

ಎಡೆಗೆ ಸತ್ತವನಿಗೆ ಇಷ್ಟವಾದದ್ದನ್ನು ಇಡಬೇಕು. ರುದ್ರಸೇನನಿಗೆ ಏನಿಷ್ಟ? ಏಳೂ ಸಿನಿಮಾಗಳನ್ನು ಬಾಯಿಪಾಠ ಮಾಡಿದವರು ಮುಖ ಮುಖ ನೋಡಿಕೊಂಡರು. ಅವನ ಪಿಸ್ತೂಲಿನ ಹೆಸರು ಗೊತ್ತು, ಕಾರಿನ ನಂಬರು ಗೊತ್ತು. ಏಳು ಸಿನಿಮಾದಲ್ಲಿ ಅವನು ಒಂದು ಸಲವೂ ಊಟ ಮಾಡಿರಲಿಲ್ಲ.

"ಉಣ್ದೇನೇ ಸತ್ನಾ, ಬಡ್ಡೈದ್ನೆ!" ಎಂದು ಕುಳ್ಳಮ್ಮ ಲೊಚಗುಟ್ಟಿದಳು. ಏಳು ಸಿನಿಮಾಕ್ಕೂ ಸೇರಿ ನಾನು ಕೇಳಿದ ವಿಮರ್ಶೆಗಳಲ್ಲಿ ಅದೇ ಸರಿಯಾದದ್ದು.

ಕೊನೆಗೆ ಮೂರನೆಯ ಭಾಗದಲ್ಲಿ ಕಪ್ಪು ಕಾಫಿ ಕುಡಿದಿದ್ದನೆಂದು ಯಾರೋ ನೆನಪಿಸಿದರು. ಒಂದು ಲೋಟ ಕಪ್ಪು ಕಾಫಿ, ಅಂಗಡಿಯಿಂದ ತಂದ ಚಾಕಲೇಟು, ಇರಲಿ ಎಂದು ಒಂದು ಹಿಡಿ ಬಿರಿಯಾನಿ, ಎಲೆಯ ತುದಿಯಲ್ಲಿ ಒಂದು ಕೈಗಡಿಯಾರ. ಎಲ್ಲರೂ ದೂರ ಸರಿದು ನಿಂತೆವು. ತೆಂಗಿನ ಗರಿಯ ಮೇಲೆ ಒಂದು ಕಾಗೆ ಕುಳಿತಿತ್ತು. ಕೆಳಗೆ ನೋಡಿತು. ಕತ್ತು ಕೊಂಕಿಸಿತು. ಬರಲಿಲ್ಲ.

ಕಾಗೆ ಬರದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಉಳಿದವರು ಮಾತು ಕೊಡಬೇಕು. ಹುಡುಗರು ಒಬ್ಬೊಬ್ಬರಾಗಿ ಕೈ ಮುಗಿದು ಕೂಗಿದರು.

"ಬಾಸ್, ಎಂಟ್ನೇ ಪಾರ್ಟ್ ಮಾಡುಸ್ತೀವಿ!"

"ಬಾಸ್, ಆ ವಿಲನ್ನ ನಾವ್ ಬುಡಲ್ಲ!"

"ಬಾಸ್, ಕದ್ದ ಪ್ರಿಂಟ್ ಯಾರೂ ನೋಡಲ್ಲ!" ಈ ಕೊನೆಯದನ್ನು ಹೇಳಿದವನು ಸಿನಿಮಾವನ್ನು ಫೋನಿನಲ್ಲೇ ನೋಡಿದ್ದವನು. ಕಾಗೆ ಬೆನ್ನು ತಿರುಗಿಸಿ ಕುಳಿತಿತು.

ಕೆ.ಆರ್. ಪೇಟೆಯವರು ಶಿಳ್ಳೆ ಹಾಕಿದರು. ಬಿಸಿಲು ಏರಿತು. ಚೈತ್ರ ತನ್ನ ಅಣ್ಣನನ್ನು ನುಂಗುವಂತೆ ನೋಡುತ್ತಿದ್ದಳು. ಕುಳ್ಳಮ್ಮ ಸೀರೆಯ ಹುಲ್ಲು ಕೊಡವಿಕೊಂಡು ಎದ್ದಾಗ, ಮುಗಿಯಿತು, ಈ ಜನ್ಮದಲ್ಲಿ ಇವನಿಗೆ ಮದುವೆಯಿಲ್ಲ ಎಂದುಕೊಂಡು ಅವಳನ್ನು ತಡೆಯಲು ಹೆಜ್ಜೆ ಹಾಕಿದೆ. ಎಷ್ಟಾದರೂ ನಾನು ಎತ್ತಿ ಆಡಿಸಿದ ಹುಡುಗ.

ಆಗ ಅಕ್ಕ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮನೆಯ ಕಡೆಯಿಂದ ಇನ್ನೊಂದು ಎಲೆ ಹಿಡಿದುಕೊಂಡು ಬದುವಿನ ಮೇಲೆ ಬಂದಳು. ಯಾರನ್ನೂ ಕೇಳಲಿಲ್ಲ. ಕಾಫಿ ಇದ್ದ ಎಲೆಯ ಪಕ್ಕದಲ್ಲಿ, ಹುಲ್ಲು ಬೆಳೆದ ಖಾಲಿ ಜಾಗದಲ್ಲಿ, ಅದನ್ನು ಇಟ್ಟಳು.

"ಅವ್ನು ಏನ್ ಉಣ್ತಿದ್ನೋ ನಂಗೊತ್ತಿಲ್ಲ ಕಣವ್ವ," ಎಂದಳು ಕುಳ್ಳಮ್ಮನಿಗೆ. "ನಂಗೆ ಗೊತ್ತಿರೋದು ಒಬ್ರು ಉಣ್ತಿದ್ದಿದ್ದೇಯ."

ಎಲೆಯ ಮೇಲೆ ರಾಗಿಮುದ್ದೆ, ಹುರುಳಿ ಬಸ್ಸಾರು, ಕೆಂಡದ ಮೇಲೆ ಸುಟ್ಟ ಒಣಮೀನು, ಒಂದು ಕಟ್ಟು ಬೀಡಿ.

ಸಿದ್ದೇಶ ಆ ಎಲೆಯನ್ನು ನೋಡಿದ. ಅದರ ಮುಂದೆ ಮಂಡಿಯೂರಿದ. ನಾನು, ಅಕ್ಕ, ಕುಳ್ಳಮ್ಮ, ಚೈತ್ರ ಮಾತ್ರ ಹತ್ತಿರದಲ್ಲಿದ್ದೆವು. ಹುಡುಗರೆಲ್ಲ ದೂರದ ಬದುವಿನಲ್ಲಿ ಫೋನು ಎತ್ತಿ ಹಿಡಿದು ನಿಂತಿದ್ದರು. ಅವರಿಗೆ ಕೇಳಿಸಿರಲಾರದು.

"ಅಪ್ಪಾ," ಎಂದ. "ಅವತ್ತು ಆಸ್ಟೆಲ್ನೋರು ಬಾಗ್ಲು ತೆಗೀಲಿಲ್ಲ ಕಣಪ್ಪ. ಎಷ್ಟ್ ಬಡ್ದೆ ಅಂತೀಯ. ತಲೆ ಈಗ್ ಕೊಟ್ಟಿವ್ನಿ. ಉಣ್ಣಪ್ಪ."

ನಾಲ್ಕು ವರ್ಷದಿಂದ ಆ ಮನೆಯಲ್ಲಿ ಅತ್ತಿರದ ಅಳುವನ್ನು ಅವನು ಅತ್ತ. ಅಕ್ಕ ಅವನ ಬೋಳು ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ತಾನೂ ಅತ್ತಳು. ನಾನು ಗಂಡಸಿನಂತೆ ತೆಂಗಿನ ಮರದ ಕಡೆ ತಿರುಗಿಕೊಂಡು ಅತ್ತೆ.

ನಾವು ಅವನನ್ನು ಎಬ್ಬಿಸಿ ಹಿಂದಕ್ಕೆ ಕರೆದುಕೊಂಡು ಬರುವಷ್ಟರಲ್ಲಿ ಕಾಗೆ ಇಳಿಯಿತು. ಕಾಫಿಯ ಎಲೆಯನ್ನು ದಾಟಿಕೊಂಡು ನಡೆದು ಹೋಗಿ ಒಣಮೀನಿಗೆ ಬಾಯಿ ಹಾಕಿತು. ಒಣಮೀನು ಕಂಡ ಕಾಗೆ ಇಳಿಯದೆ ಇರುತ್ತದೆಯೇ ಎಂದು ನೀವು ಕೇಳಬಹುದು. ಕೇಳಿ, ನಾನು ವಾದಕ್ಕೆ ಬರುವುದಿಲ್ಲ.

"ಸತ್ತ! ಸತ್ತ!" ಎಂದು ಪಾಂಡವಪುರದವರು ಕುಣಿದರು. ಪಟಾಕಿ ಕೂಡ ಹಚ್ಚಿದರು. ತಮ್ಮ ಹೀರೋ ಸತ್ತನೆಂದು ಅಷ್ಟು ಖುಷಿಪಟ್ಟ ಅಭಿಮಾನಿಗಳನ್ನು ನಾನು ನೋಡಿಲ್ಲ.

"ಮೋಸ!" ಎಂದು ದಿಲೀಪ ಓಡಿಬಂದ. "ಕಾಫಿ ಮುಟ್ಟಿಲ್ಲ, ಚಾಕಲೇಟ್ ಮುಟ್ಟಿಲ್ಲ, ವಾಚ್ ಮುಟ್ಟಿಲ್ಲ. ಏಜೆಂಟ್ ಎಡೆ ಅಂಗೇ ಐತೆ! ಏಜೆಂಟ್ ಬದ್ಕವ್ನೆ!" ಅವನಿಗೆ ಗೊತ್ತಿಲ್ಲದೆಯೇ, ಆ ದಿನ ಸರಿಯಾಗಿ ಮಾತಾಡಿದವನು ಅವನೊಬ್ಬನೇ.

ಕುಳ್ಳಮ್ಮ ಇಬ್ಬರಿಗೂ ಕಿವಿಗೊಡಲಿಲ್ಲ. ಸಿದ್ದೇಶನ ಹತ್ತಿರ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. "ನಿಮ್ಮಪ್ಪ ಉಂಡ ಕಣ್ಮಗ. ನಡಿ, ಇನ್ನು ನಾವ್ ಉಣ್ಣಾನ."

ಊಟಕ್ಕೆ ಎಲೆ ಹಾಕಿದರು. ಸತ್ತ ಎನ್ನುವವರು, ಸತ್ತಿಲ್ಲ ಎನ್ನುವವರು, ಏನಾದರೇನು ಎನ್ನುವವರು ಒಂದೇ ಸಾಲಿನಲ್ಲಿ ಕುಳಿತು ಬಾಡು ಹೊಡೆದರು. ಊಟದ ಹಿಂದೆಯೇ ಎಲೆಅಡಿಕೆ ಬದಲಾಯಿತು. ಸಿನಿಮಾ ಹೇಗಿತ್ತಮ್ಮ ಎಂದು ನಾನು ಚೈತ್ರಳನ್ನು ಕೇಳಿದೆ.

"ಅಂಥಾದ್ದೇನಿಲ್ಲ ಮಾವ, ಬೋರು. ಆದ್ರೆ ಅವತ್ತು ಇವ್ರು ಸುಳ್ಳು ಯೋಳ್ಬೋದಿತ್ತು, ಯೋಳ್ಲಿಲ್ಲ. ಅಷ್ಟ್ ಸಾಕು ಅನ್ನುಸ್ತು."

ಮಾರನೆಯ ದಿನ ಎರಡು ಸಂಘದವರೂ ನನ್ನ ಅಂಗಡಿಗೆ ಬಂದರು. ಒಬ್ಬರು ಸತ್ತ ಎಂದು, ಇನ್ನೊಬ್ಬರು ಸತ್ತಿಲ್ಲ ಎಂದು ಫ್ಲೆಕ್ಸು ಹಾಕಿಸಿ, ಕೆಳಗೆ 'ಕಾಗೆಯೇ ಸಾಕ್ಷಿ' ಎಂದು ಇಬ್ಬರೂ ಒಂದೇ ಸಾಲು ಬರೆಸಿದರು. ಅವರು ಹೋದ ಮೇಲೆ ಸಿದ್ದೇಶ ಬಂದ. ಬೋಳು ತಲೆಯಲ್ಲಿ ಆಗಲೇ ಕಪ್ಪು ಕಾಣಿಸಿಕೊಂಡಿತ್ತು.

"ಮಾವ, ಅಪ್ಪಂದೊಂದು ಫ್ಲೆಕ್ಸ್ ಆಗ್ಬೇಕು. ಅವತ್ತು ಆಗ್ಲಿಲ್ವಲ್ಲ."

ಫೋಟೊ ಕೊಟ್ಟ. ಭಾವ ನಗುತ್ತಿರುವ ಫೋಟೊ ಅದೊಂದೇ ಇದ್ದದ್ದು. ರುದ್ರಸೇನನ ಮೊದಲನೆಯ ಸಿನಿಮಾ ಬಂದಾಗ ಮಗನನ್ನು ಕರೆದುಕೊಂಡು ಹೋಗಿ ಥಿಯೇಟರಿನ ಮುಂದೆ ತೆಗೆಸಿಕೊಂಡದ್ದು. ಒಂದು ಪಕ್ಕದಲ್ಲಿ ಹೈಸ್ಕೂಲು ಹುಡುಗ ಸಿದ್ದೇಶ, ಇನ್ನೊಂದು ಪಕ್ಕದಲ್ಲಿ ರಟ್ಟಿನ ರುದ್ರಸೇನ, ನಡುವೆ ಪಂಚೆ ಎತ್ತಿ ಕಟ್ಟಿದ ಚಲುವಯ್ಯ. ಕಂಪ್ಯೂಟರಿನಲ್ಲಿ ಹುಡುಗನನ್ನು ತೆಗೆದೆ, ರುದ್ರಸೇನನನ್ನು ತೆಗೆದೆ. ಆದರೆ ಆ ಕಟೌಟಿನ ಒಂದು ಕೈ ಭಾವನ ಭುಜದ ಮೇಲೆ ಬಂದು ಕುಳಿತಿತ್ತು. ಅದನ್ನು ಅಳಿಸಲು ಹೋದರೆ ಭುಜವೂ ಹೋಗುತ್ತಿತ್ತು.

"ಇರ್ಲಿ ಬುಡು ಮಾವ," ಎಂದ ಸಿದ್ದೇಶ.

ಕೈಯನ್ನು ಹಾಗೆಯೇ ಬಿಟ್ಟೆ. ಮುಖವನ್ನೂ ಬೆಳ್ಳಗೆ ಮಾಡಲಿಲ್ಲ.